ವಯಸ್ಸು ಕೇಳದ ವಿದ್ಯೆ: ಶಿಕಾರಿಪುರ, ಸೊರಬ ಸೀಮೆಯ ಕಲಿಕೆಯ ಚರಿತ್ರೆ

ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳು ಕನ್ನಡ ನಾಡಿನ ಬಹು ಹಳೆಯ ವಿದ್ಯಾಸೀಮೆ. ತಾಳಗುಂದ, ಬಳ್ಳಿಗಾವಿ, ಬಂದಳಿಕೆಗಳು ಶಿಕಾರಿಪುರದ ಕಡೆಗೆ ಬಂದರೆ ಕುಬಟೂರು, ಉದ್ರಿಗಳು ಸೊರಬದ ಕಡೆಗೆ ಬರುತ್ತವೆ. ಶಾಸನಗಳ ಕಾಲದಲ್ಲಿ ಇದೆಲ್ಲ ಬನವಾಸಿ ಪನ್ನಿರ್ಚ್ಛಾಸಿರ (ಹನ್ನೆರಡು ಸಾವಿರ) ಎಂಬ ದೊಡ್ಡ ನಾಡಿಗೆ ಸೇರಿತ್ತು. ಅದರೊಳಗಿನ ನಾಗರಖಂಡ ಎಪ್ಪತ್ತು ಈ ಎರಡು ತಾಲ್ಲೂಕುಗಳ ನೆಲದಲ್ಲೇ ಹರಡಿಕೊಂಡಿತ್ತು. ಬಿ.ಎಲ್. ರೈಸ್ ಅವರು ಎಪಿಗ್ರಾಫಿಯಾ ಕರ್ನಾಟಿಕದ ಏಳನೆಯ ಸಂಪುಟದಲ್ಲಿ ಶಿಕಾರಿಪುರದ ಶಾಸನಗಳನ್ನೂ (1902) ಎಂಟನೆಯ ಸಂಪುಟದಲ್ಲಿ ಸೊರಬದ ಶಾಸನಗಳನ್ನೂ (1904) ಅಚ್ಚು ಹಾಕಿಸಿದ ಮೇಲೆ ಈ ಸೀಮೆಯ ವಿದ್ಯಾಸ್ಥಾನಗಳ ಚಿತ್ರ ಸ್ಪಷ್ಟವಾಯಿತು. ಬಾಲಕರ ಓದಿನ ಜೊತೆಗೆ, ಬೆಳೆದವರೂ ಅಧಿಕಾರದಿಂದ ಹಿಂದೆ ಸರಿದವರೂ ನಡೆಸಿದ ವಿದ್ಯಾಭ್ಯಾಸದ ಸುಳಿವುಗಳು ಆ ಕಲ್ಲುಗಳಲ್ಲಿ ಉಳಿದಿವೆ. ನಿವೃತ್ತರಿಗೆ ವಿಶ್ವವಿದ್ಯಾಲಯದ ಬಾಗಿಲು ತೆರೆಯಬೇಕೆಂಬ ಇಂದಿನ ಮಾತಿಗೆ ಈ ನೆಲದಲ್ಲಿ ಸಾವಿರ ವರ್ಷದ ಹಿನ್ನೆಲೆಯಿದೆ.

ತಾಳಗುಂದದ ಅಗ್ರಹಾರ

ತಾಳಗುಂದದ ಹಳೆಯ ಹೆಸರು ಸ್ಥಾನಕುಂದೂರು. ಇಲ್ಲಿನ ಪ್ರಣವೇಶ್ವರ ದೇಗುಲದ ಮುಂದೆ ನಿಂತಿರುವ ಕಂಬದ ಮೇಲೆ ಕದಂಬ ಶಾಂತಿವರ್ಮನ ಕಾಲದ, ಅಂದರೆ ಐದನೆಯ ಶತಮಾನದ, ಸಂಸ್ಕೃತ ಕಾವ್ಯಶಾಸನವಿದೆ. ಅದನ್ನು ರಚಿಸಿದವನು ಕುಬ್ಜನೆಂಬ ಕವಿ. ಕದಂಬ ವಂಶದ ಮೂಲಪುರುಷ ಮಯೂರಶರ್ಮನು ತನ್ನ ಗುರು ವೀರಶರ್ಮನೊಡನೆ ಪಲ್ಲವರ ಕಂಚಿಗೆ ಹೋಗಿ, ಸಮಸ್ತ ವೇದವಿದ್ಯೆಯನ್ನು ಕಲಿಯುವ ಬಯಕೆಯಿಂದ ಅಲ್ಲಿನ ಘಟಿಕೆಯನ್ನು ಸೇರಿದ ಸಂಗತಿ ಅದರಲ್ಲಿದೆ. ಘಟಿಕೆಯೆಂದರೆ ವಿದ್ವಾಂಸರು ಕೂಡಿ ಓದುವ, ವಾದಿಸುವ ಉನ್ನತ ವಿದ್ಯಾಸ್ಥಾನ. ಪಲ್ಲವರ ಕುದುರೆ ಸವಾರನೊಬ್ಬನೊಂದಿಗೆ ಹುಟ್ಟಿದ ಜಗಳವು ಮಯೂರಶರ್ಮನನ್ನು ಓದಿನಿಂದ ಕತ್ತಿಯ ಕಡೆಗೆ ತಿರುಗಿಸಿತು. ನಾಲ್ಕನೆಯ ಶತಮಾನದ ನಡುಭಾಗದಲ್ಲಿ ಕದಂಬ ರಾಜ್ಯ ಹುಟ್ಟಿತು. ರಾಜ್ಯವೊಂದರ ಕಥೆ ವಿದ್ಯಾರ್ಥಿಯೊಬ್ಬನ ಪಯಣದಿಂದ ಆರಂಭವಾಗುವುದು ಈ ಶಾಸನದ ವಿಶೇಷ. ಗುರುಶಿಷ್ಯರಿಬ್ಬರೂ ಕೂಡಿಯೇ ದೂರದ ವಿದ್ಯಾಸ್ಥಾನಕ್ಕೆ ನಡೆದರೆಂಬುದೂ ಗಮನಿಸಬೇಕಾದ ಮಾತು. ಪಾಠ ಹೇಳಬಲ್ಲವನಿಗೂ ಘಟಿಕೆಯ ದಾರಿ ಹಿಡಿಯುವ ಕಾರಣವಿತ್ತು.

ಮುಂದೆ ತಾಳಗುಂದ ದೊಡ್ಡ ಅಗ್ರಹಾರವಾಗಿ ಬೆಳೆಯಿತು. ಅಹಿಚ್ಛತ್ರದಿಂದ ಬ್ರಾಹ್ಮಣರನ್ನು ಕರೆತಂದು ಇಲ್ಲಿ ನೆಲೆಗೊಳಿಸಲಾಯಿತೆಂಬ ಐತಿಹ್ಯ ನಂತರದ ಶಾಸನಗಳಲ್ಲಿ ಬರುತ್ತದೆ. ಹನ್ನೆರಡನೆಯ ಶತಮಾನದ ದಾನಶಾಸನವೊಂದು ಅಗ್ರಹಾರದ ಪಾಠಶಾಲೆಯ ಏರ್ಪಾಟನ್ನು ಹೇಳುತ್ತದೆ. ವೇದಗಳನ್ನೂ ವ್ಯಾಕರಣವನ್ನೂ ಮೀಮಾಂಸೆ, ವೇದಾಂತಗಳನ್ನೂ ಹೇಳಿಕೊಡುವವರಿಗೆ ಅಲ್ಲಿ ವೃತ್ತಿ ಗೊತ್ತುಮಾಡಲಾಗಿತ್ತು. ಕನ್ನಡ ಅಕ್ಷರ ಕಲಿಸುವವರಿಗೂ ಅದೇ ಮನ್ನಣೆ. ಓದುವವರಿಗೆ ಊಟದ ವ್ಯವಸ್ಥೆಯಿತ್ತು. ಅತ್ಯುನ್ನತ ಶಾಸ್ತ್ರವೂ ಅ ಆ ಇ ಈಯೂ ಒಂದೇ ಆವರಣದಲ್ಲಿ, ಒಂದೇ ದತ್ತಿಯಿಂದ ನಡೆಯುತ್ತಿದ್ದವು.

ಬಳ್ಳಿಗಾವಿಯ ಕೋಡಿಯಮಠ

ತಾಳಗುಂದಕ್ಕೆ ಕೆಲವೇ ಕಿಲೋಮೀಟರು ದೂರದ ಬಳ್ಳಿಗಾವಿ ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಬನವಾಸಿ ನಾಡಿನ ರಾಜಧಾನಿಯಾಗಿತ್ತು. ಪಟ್ಟಣದಲ್ಲಿ ಮೂರು ಪುರ, ಐದು ಮಠ, ಏಳು ಬ್ರಹ್ಮಪುರಿಗಳಿದ್ದುವೆಂದು ಶಾಸನಗಳು ಹೊಗಳುತ್ತವೆ. ಹರಿ, ಹರ, ಬ್ರಹ್ಮ, ಜಿನ, ಬುದ್ಧ ಈ ಐವರಿಗೂ ಅಲ್ಲಿ ಮಠಗಳಿದ್ದವು. 1036ರಲ್ಲಿ ಇಮ್ಮಡಿ ಜಯಸಿಂಹನು ಪಂಚಲಿಂಗ ದೇಗುಲಕ್ಕೆ ಸೇರಿದ ಕಾಳಾಮುಖ ಶೈವ ಬ್ರಹ್ಮಚಾರಿಗಳ ಸ್ಥಾನಕ್ಕೆ ದತ್ತಿ ಬಿಟ್ಟನು. ಅದನ್ನು ಸ್ವೀಕರಿಸಿದ ಲಕುಳೀಶ್ವರ ಪಂಡಿತ ವಾದದಲ್ಲಿ ಎದುರಾಳಿಗಳನ್ನು ಗೆದ್ದ ವಿದ್ವಾಂಸನೆಂದು ಹೆಸರಾಗಿದ್ದನು. 1065ರಲ್ಲಿ ದಂಡನಾಯಕ ರೂಪಭಟ್ಟಯ್ಯ ಇಲ್ಲಿ ಜಯಂತಿ ಪ್ರಬುದ್ಧ ವಿಹಾರವೆಂಬ ಬೌದ್ಧ ವಿಹಾರವನ್ನು ಕಟ್ಟಿಸಿದನು. ಪರಸ್ಪರ ಒಪ್ಪದ ದರ್ಶನಗಳು ಒಂದೇ ಊರಿನ ಬೀದಿಗಳಲ್ಲಿ ನೆರೆಹೊರೆಯಾಗಿ ಬದುಕುತ್ತಿದ್ದುದರಿಂದ ವಾದ, ಚರ್ಚೆ, ಮರುಚಿಂತನೆಗಳಿಗೆ ಎಡೆಯಿತ್ತು.

ಈ ವಿದ್ಯಾಸ್ಥಾನಗಳಲ್ಲಿ ಹಿರಿದಾದುದು ಕೋಡಿಯಮಠ. ದಕ್ಷಿಣ ಕೇದಾರೇಶ್ವರ ದೇಗುಲಕ್ಕೆ ಸೇರಿದ, ಕಾಳಾಮುಖ ಶೈವರ ಶಕ್ತಿಪರ್ಷೆಯೆಂಬ ಶಾಖೆಗೆ ಸಂಬಂಧಿಸಿದ ಮಠವಿದು. ಕೇದಾರಶಕ್ತಿ, ಶ್ರೀಕಂಠ, ಸೋಮೇಶ್ವರ, ವಿದ್ಯಾಭರಣ, ಗೌತಮ, ವಾಮಶಕ್ತಿ ಮೊದಲಾದ ಆಚಾರ್ಯರ ಪರಂಪರೆ ಇಲ್ಲಿ ಒಂದು ಶತಮಾನಕ್ಕೂ ಮಿಕ್ಕಿ ನಡೆಯಿತು. 1162ರಲ್ಲಿ ಕಳಚುರಿ ಬಿಜ್ಜಳನು ಬಳ್ಳಿಗಾವಿಗೆ ಬಂದು ಬೀಡುಬಿಟ್ಟಾಗ ಮಠಕ್ಕೆ ಕೊಟ್ಟ ದತ್ತಿಯ ಶಾಸನವು ಕೋಡಿಯಮಠದ ಚಟುವಟಿಕೆಗಳನ್ನು ಉದ್ದಕ್ಕೆ ಪಟ್ಟಿಮಾಡುತ್ತದೆ. ಮಧ್ಯಯುಗದ ಕರ್ನಾಟಕದ ವಿದ್ಯಾಚರಿತ್ರೆಗೆ ಇದಕ್ಕಿಂತ ಮಿಗಿಲಾದ ದಾಖಲೆ ಅಪರೂಪ.

ಆ ಪಟ್ಟಿಯಂತೆ ಮಠದಲ್ಲಿ ನಾಲ್ಕು ವೇದಗಳ ಅಧ್ಯಯನ ನಡೆಯುತ್ತಿತ್ತು. ಕೌಮಾರ, ಪಾಣಿನೀಯ, ಶಾಕಟಾಯನ ಮೊದಲಾದ ವ್ಯಾಕರಣಗಳ ವ್ಯಾಖ್ಯಾನವಿತ್ತು. ಶಾಕಟಾಯನನ ವ್ಯಾಕರಣ ಜೈನ ಪರಂಪರೆಯದು. ಶೈವ ಮಠದಲ್ಲಿ ಅದಕ್ಕೆ ಜಾಗವಿತ್ತು. ನ್ಯಾಯ, ವೈಶೇಷಿಕ, ಮೀಮಾಂಸೆ, ಸಾಂಖ್ಯಗಳ ಸಾಲಿನಲ್ಲಿ ಬೌದ್ಧ ದರ್ಶನವೂ ಇತ್ತು. ಲಾಕುಲ ಸಿದ್ಧಾಂತ, ಪತಂಜಲಿಯ ಯೋಗಶಾಸ್ತ್ರ, ಹದಿನೆಂಟು ಪುರಾಣ, ಧರ್ಮಶಾಸ್ತ್ರ, ಕಾವ್ಯ, ನಾಟಕಗಳೆಲ್ಲ ಪಾಠದ ವಿಷಯಗಳು. ಇಷ್ಟಕ್ಕೇ ಮಠದ ಕೆಲಸ ಮುಗಿಯುತ್ತಿರಲಿಲ್ಲ. ದೀನರಿಗೆ, ಅನಾಥರಿಗೆ, ಕುಂಟರಿಗೆ, ಕುರುಡರಿಗೆ, ಕಿವುಡರಿಗೆ ಅಲ್ಲಿ ತಡೆಯಿಲ್ಲದ ಅನ್ನದಾನವಿತ್ತು. ಕಥೆ ಹೇಳುವವರು, ಹಾಡುವವರು, ಕೊಳಲೂದುವವರು, ಕುಣಿಯುವವರು, ಜೈನ ಕ್ಷಪಣಕರು, ಏಕದಂಡಿ ತ್ರಿದಂಡಿಗಳು, ಹಂಸ ಪರಮಹಂಸರು, ನಾನಾ ದೇಶದ ಭಿಕ್ಷುಕರು, ಎಲ್ಲರೂ ಆ ಪಂಕ್ತಿಯಲ್ಲಿದ್ದರು. ರೋಗಿಗಳಿಗೆ ಔಷಧ ಸಿಗುತ್ತಿತ್ತು; ಅಂಜಿ ಬಂದವರಿಗೆ ಅಭಯ ಸಿಗುತ್ತಿತ್ತು.

ಈ ಪಟ್ಟಿಯಲ್ಲಿ ಬರುವವರ ವಯಸ್ಸನ್ನು ಯೋಚಿಸಿದರೆ ಮಠದ ಸ್ವರೂಪ ಇನ್ನಷ್ಟು ತಿಳಿಯಾಗುತ್ತದೆ. ಸಂನ್ಯಾಸಿಗಳು, ಪರಿವ್ರಾಜಕರು, ಊರೂರು ಸುತ್ತುವ ಕಲಾವಿದರು ಎಳೆಯ ಹುಡುಗರಲ್ಲ. ಅವರು ಇಂತಿಷ್ಟು ವರ್ಷ ಓದಿ ಹೊರಟುಹೋಗಬೇಕೆಂಬ ಕಟ್ಟಳೆ ಇರಲಿಲ್ಲ. ಬಂದವರು ಉಂಡರು, ಕೇಳಿದರು, ವಾದಿಸಿದರು, ತಮಗೆ ಗೊತ್ತಿದ್ದುದನ್ನು ಅಲ್ಲಿದ್ದವರಿಗೆ ತಿಳಿಸಿದರು. ಅನ್ನ, ಔಷಧ, ವಿದ್ಯೆ ಮೂರೂ ಒಂದೇ ಚಾವಣಿಯ ಕೆಳಗಿದ್ದುದರಿಂದ ಮೈಯಲ್ಲಿ ಕಸುವು ಕುಂದಿದವನೂ ಅಲ್ಲಿ ಕಲಿಯುವವನಾಗಿ ಇರಬಹುದಾಗಿತ್ತು. ವಯಸ್ಸಾದವರ ಕಲಿಕೆಗೆ ಏನೇನು ಬೇಕೆಂದು ಇಂದು ಲೆಕ್ಕ ಹಾಕುವವರು ಕೊನೆಗೆ ಮುಟ್ಟುವುದೂ ಈ ಮೂರನ್ನೇ.

ಮಠ ನಡೆಯುತ್ತಿದ್ದುದು ದತ್ತಿಯಿಂದ. ಅರಸನೋ ಮಾಂಡಲಿಕನೋ ವ್ಯಾಪಾರಿಗಳ ಸಂಘವೋ ಆಚಾರ್ಯನ ಕಾಲು ತೊಳೆದು, ಧಾರೆಯೆರೆದು, ಊರನ್ನೋ ಗದ್ದೆಯನ್ನೋ ತೆರಿಗೆಯ ಹೊರೆಯಿಲ್ಲದೆ ಬಿಟ್ಟುಕೊಡುತ್ತಿದ್ದರು. ದೇವರ ಪೂಜೆ, ಕಟ್ಟಡದ ಜೀರ್ಣೋದ್ಧಾರ, ತಪಸ್ವಿಗಳ ಮತ್ತು ವಿದ್ಯಾರ್ಥಿಗಳ ಆಹಾರ, ವಿದ್ಯಾದಾನ ಹೀಗೆ ಖರ್ಚಿನ ಬಾಬುಗಳನ್ನು ಶಾಸನದಲ್ಲೇ ಹೇಳಲಾಗುತ್ತಿತ್ತು. ಕಲಿಯುವವನ ಜೇಬಿನಿಂದ ಶುಲ್ಕ ಬರಬೇಕಾಗಿರಲಿಲ್ಲ. ಗದ್ದೆಯ ಬತ್ತ ಖರ್ಚನ್ನು ಭರಿಸುತ್ತಿತ್ತು.

ಸೊರಬದ ಕಡೆಯ ಕುಬಟೂರು ಇಂಥದೇ ಇನ್ನೊಂದು ನೆಲೆ. ಶಾಸನಗಳಲ್ಲಿ ಕುಪ್ಪಟೂರು ಎನಿಸಿಕೊಂಡ ಈ ಅಗ್ರಹಾರದ ಬ್ರಾಹ್ಮಣರ ಪಾಂಡಿತ್ಯಕ್ಕೆ ದೊಡ್ಡ ಹೆಸರಿತ್ತು. ಹನ್ನೊಂದನೆಯ ಶತಮಾನದಲ್ಲಿ ಕದಂಬ ಕೀರ್ತಿದೇವನ ರಾಣಿ ಮಾಳಲದೇವಿ ಅಲ್ಲಿ ಪಾರ್ಶ್ವನಾಥ ಬಸದಿಯನ್ನು ಮಾಡಿಸಿ, ಪದ್ಮನಂದಿ ಸಿದ್ಧಾಂತದೇವರಿಂದ ಪ್ರತಿಷ್ಠೆ ನಡೆಸಿ, ಅಗ್ರಹಾರದ ಬ್ರಾಹ್ಮಣರನ್ನು ಸತ್ಕರಿಸಿದಳು. ಆ ಬಸದಿಗೆ ಬ್ರಹ್ಮ ಜಿನಾಲಯವೆಂಬ ಹೆಸರಾಯಿತು. ಆನವಟ್ಟಿಯ ಬಳಿಯ ಕೋಟಿಪುರದಲ್ಲಿ ಇಂದಿಗೂ ನಿಂತಿರುವ ಕೈಟಭೇಶ್ವರ ದೇಗುಲ ಈ ನೆಲೆಯ ಹಳೆಯ ಸಿರಿಗೆ ಸಾಕ್ಷಿ.

ಅಧಿಕಾರ ಬಿಟ್ಟ ಮೇಲಿನ ಓದು

ಗೃಹಸ್ಥಾಶ್ರಮದ ಹೊಣೆ ತೀರಿದ ಮೇಲೆ ಮನೆಯ ಆಡಳಿತವನ್ನು ಮಕ್ಕಳಿಗೆ ಬಿಟ್ಟು ಸ್ವಾಧ್ಯಾಯದಲ್ಲಿ ತೊಡಗಬೇಕೆಂದು ಧರ್ಮಶಾಸ್ತ್ರಗಳು ವಾನಪ್ರಸ್ಥಕ್ಕೆ ವಿಧಿಸುತ್ತವೆ. ಇದು ಎಷ್ಟರಮಟ್ಟಿಗೆ ಆಚರಣೆಗೆ ಬರುತ್ತಿತ್ತೆಂಬುದಕ್ಕೆ ಈ ಸೀಮೆಯ ಎರಡು ದಾಖಲೆಗಳು ಬೆಳಕು ಚೆಲ್ಲುತ್ತವೆ.

ಮೊದಲನೆಯದು ಜಕ್ಕಿಯಬ್ಬೆಯದು. 911ರ ವೇಳೆಗೆ, ರಾಷ್ಟ್ರಕೂಟ ಇಮ್ಮಡಿ ಕೃಷ್ಣನ ಕಾಲದಲ್ಲಿ, ನಾಗರಖಂಡದ ನಾಳ್ಗಾವುಂಡನಾಗಿದ್ದ ಸತ್ತರಸ ನಾಗಾರ್ಜುನ ತೀರಿಕೊಂಡಾಗ ಆ ಅಧಿಕಾರವನ್ನು ಅವನ ಹೆಂಡತಿ ಜಕ್ಕಿಯಬ್ಬೆಗೆ ವಹಿಸಲಾಯಿತು. ಅವಳು ಆಡಳಿತದಲ್ಲಿ ಜಾಣೆ, ಜಿನಶಾಸನದಲ್ಲಿ ಶ್ರದ್ಧೆಯುಳ್ಳವಳು ಎಂದು ಶಾಸನ ಮೆಚ್ಚುತ್ತದೆ. ಮುಂದೆ ದೇಹ ರೋಗಕ್ಕೆ ಈಡಾದಾಗ ಅವಳು ಮಗಳಿಗೆ ಅಧಿಕಾರವನ್ನು ಒಪ್ಪಿಸಿ, ಬಂದಳಿಕೆಯ ಬಸದಿಗೆ ಬಂದು ಸಲ್ಲೇಖನ ವ್ರತ ಹಿಡಿದು ದೇಹ ಬಿಟ್ಟಳು. ಜೈನರಲ್ಲಿ ಕಡೆಗಾಲದ ಈ ವ್ರತವೆಂದರೆ ಗುರುವಿನ ಸನ್ನಿಧಿಯಲ್ಲಿ ಶಾಸ್ತ್ರ ಕೇಳುತ್ತ, ಧ್ಯಾನಿಸುತ್ತ ಇರುವ ಕಾಲ.

ಎರಡನೆಯದು ಕೋಡಿಯಮಠದ ವಿದ್ಯಾಭರಣನದು. ಹನ್ನೆರಡನೆಯ ಶತಮಾನದ ಮೊದಲರ್ಧದಲ್ಲಿ ಮಠದ ಒಡೆತನದಲ್ಲಿದ್ದ ಈ ಆಚಾರ್ಯನಿಗೆ ಆಡಳಿತದ ಜಂಜಡದಿಂದ ವಿದ್ಯೆಯ ರಸಕ್ಕೆ ಅಡ್ಡಿಯಾಗುತ್ತಿದೆ ಅನ್ನಿಸಿತು. ಅವನು ಮಠದ ಹೊಣೆಯನ್ನು ಶಿಷ್ಯನಿಗೆ ವಹಿಸಿ ಓದಿನಲ್ಲಿ ತೊಡಗಿದನು. ದತ್ತಿ, ಗದ್ದೆ, ಅನ್ನಛತ್ರ, ಅರಸರ ಭೇಟಿಗಳ ನಡುವೆ ಇದ್ದವನು ಅದನ್ನೆಲ್ಲ ಬಿಟ್ಟು ಪುಸ್ತಕದ ಕಡೆಗೆ ತಿರುಗಿದುದನ್ನು ಶಾಸನ ಗೌರವದಿಂದ ನೆನೆಯುತ್ತದೆ. ಹುದ್ದೆಯಿಂದ ಸ್ವಂತ ಇಚ್ಛೆಯಿಂದ ನಿವೃತ್ತನಾಗಿ, ನಿವೃತ್ತಿಯ ಕಾಲವನ್ನು ಕಲಿಕೆಗೇ ಮೀಸಲಿಟ್ಟ ವಿದ್ವಾಂಸನ ಉದಾಹರಣೆ ಕನ್ನಡ ನಾಡಿನಲ್ಲಿ ಇಷ್ಟು ಹಿಂದೆ, ಇಷ್ಟು ಸ್ಪಷ್ಟವಾಗಿ ಸಿಗುವುದು ಬಳ್ಳಿಗಾವಿಯಲ್ಲಿ.

ಬಾಗಿಲ ಹೊರಗೆ ಉಳಿದವರು

ಈ ವಿದ್ಯಾಸ್ಥಾನಗಳು ಎಲ್ಲರ ಪಾಲಿಗೂ ತೆರೆದಿದ್ದವೆಂದು ಹೇಳುವಂತಿಲ್ಲ. ಅಗ್ರಹಾರದ ವೇದಪಾಠ ಬ್ರಾಹ್ಮಣ ಗಂಡಸರದು. ಮಠದಲ್ಲಿ ಅನ್ನ ಎಲ್ಲರಿಗೂ ಇತ್ತು. ಶಾಸ್ತ್ರ ಎಲ್ಲರಿಗೂ ಇರಲಿಲ್ಲ. ಉಳುವವನಿಗೆ, ನೇಯುವವನಿಗೆ, ಹೆಂಗಸಿಗೆ ಸಂಸ್ಕೃತದ ಬಾಗಿಲು ಮುಚ್ಚಿತ್ತು. ವಯಸ್ಸು ಕೇಳದ ವಿದ್ಯೆ ಜಾತಿಯನ್ನೂ ಲಿಂಗವನ್ನೂ ಕೇಳುತ್ತಿತ್ತು.

ಈ ತಡೆಯನ್ನು ಒಡೆದ ವಚನ ಚಳವಳಿಯ ಪ್ರಮುಖರಲ್ಲಿ ಹಲವರು ಇದೇ ನೆಲದವರು. ಅಲ್ಲಮಪ್ರಭು ಬಳ್ಳಿಗಾವಿಯವನು. ಅಕ್ಕಮಹಾದೇವಿ ಶಿಕಾರಿಪುರ ತಾಲ್ಲೂಕಿನ ಉಡುತಡಿಯವಳು. ವಚನಕಾರ್ತಿ ಸತ್ಯಕ್ಕ ಇದೇ ತಾಲ್ಲೂಕಿನ ಹಿರೇಜಂಬೂರಿನವಳೆಂದು ಪರಂಪರೆ ಹೇಳುತ್ತದೆ. ಅಲ್ಲಮನ ಅಧ್ಯಕ್ಷತೆಯಲ್ಲಿ ಕಲ್ಯಾಣದಲ್ಲಿ ಸೇರುತ್ತಿದ್ದ ಅನುಭವ ಗೋಷ್ಠಿಯಲ್ಲಿ ಕಾಯಕದವರೇ ಕೂತು ಮಾತನಾಡಿದರು. ದೋಣಿ ನಡೆಸುವವರು, ಚಪ್ಪಲಿ ಹೊಲಿಯುವವರು, ಮಡಿವಾಳರು, ಹಿರಿಯರು, ಕಿರಿಯರು, ಹೆಂಗಸರು ಅಲ್ಲಿ ಕನ್ನಡದಲ್ಲೇ ಪ್ರಶ್ನೆ ಕೇಳಿದರು, ಕನ್ನಡದಲ್ಲೇ ಉತ್ತರ ಕೊಟ್ಟರು. ಹುಟ್ಟನ್ನು ಕೇಳದ ಈ ಕಲಿಕೆಗೆ ಅನುಭವವೇ ಪ್ರವೇಶದ ಅರ್ಹತೆಯಾಯಿತು. ಬದುಕನ್ನು ಬಹಳ ಕಾಲ ಕಂಡವರಿಗೆ ಅಲ್ಲಿ ಸಹಜವಾದ ಮೇಲುಗೈ ಇತ್ತು. ಇಂದು ವಯಸ್ಕರ ಶಿಕ್ಷಣದ ತಜ್ಞರು ಕಲಿಯುವವನ ಅನುಭವವೇ ಪಾಠದ ಮೊದಲ ಬಂಡವಾಳವೆಂದು ಹೇಳುವುದನ್ನು ವಚನಕಾರರು ಎಂಟುನೂರು ವರ್ಷಗಳ ಹಿಂದೆಯೇ ಆಚರಿಸಿ ತೋರಿಸಿದ್ದರು.

ಕೇಳಿ ಕಲಿತ ಶತಮಾನಗಳು

ಚಾಲುಕ್ಯ, ಕಳಚುರಿ, ಸೇವುಣ, ಹೊಯ್ಸಳರ ಕಾಲ ಮುಗಿದಂತೆ ಬಳ್ಳಿಗಾವಿಯ ರಾಜಧಾನಿ ಪಟ್ಟ ಹೋಯಿತು. ದತ್ತಿಗಳ ಆಸರೆ ತಪ್ಪಿ ಮಠಗಳು ಬಡವಾದವು. ವಿಜಯನಗರದ ಮತ್ತು ಆಮೇಲೆ ಕೆಳದಿ ನಾಯಕರ ಆಳ್ವಿಕೆಯಲ್ಲಿ ವೀರಶೈವ ಮಠಗಳು ಹಳ್ಳಿಗಳಲ್ಲಿ ಅಕ್ಷರದ ನೆಲೆಗಳಾದವು. ಕೆಳದಿಯ ಬಸವಪ್ಪ ನಾಯಕನು ಹದಿನೆಂಟನೆಯ ಶತಮಾನದ ಆರಂಭದಲ್ಲಿ ಶಿವತತ್ತ್ವರತ್ನಾಕರವೆಂಬ ಸಂಸ್ಕೃತ ವಿಶ್ವಕೋಶವನ್ನೇ ರಚಿಸಿದನು.

ಜನಸಾಮಾನ್ಯರ, ಅದರಲ್ಲೂ ವಯಸ್ಸಾದವರ ಕಲಿಕೆ ಈ ಕಾಲದಲ್ಲಿ ಕಿವಿಯ ಮೂಲಕ ನಡೆಯಿತು. ಸುಗ್ಗಿ ಮುಗಿದು ಬತ್ತ ಕಣಜ ಸೇರಿದ ಮೇಲೂ ಮಳೆಗಾಲದ ಶ್ರಾವಣದಲ್ಲೂ ದೇವಸ್ಥಾನದ ಜಗಲಿಯಲ್ಲೋ ಗೌಡರ ಮನೆಯ ಪಡಸಾಲೆಯಲ್ಲೋ ಕುಮಾರವ್ಯಾಸನ ಭಾರತ, ಲಕ್ಷ್ಮೀಶನ ಜೈಮಿನಿ ಭಾರತಗಳನ್ನು ಒಬ್ಬರು ರಾಗವಾಗಿ ಓದುತ್ತಿದ್ದರು, ಇನ್ನೊಬ್ಬರು ಅರ್ಥ ಹೇಳುತ್ತಿದ್ದರು. ಮಠಗಳಲ್ಲಿ ಪುರಾಣ ಪ್ರವಚನ ತಿಂಗಳುಗಟ್ಟಲೆ ನಡೆಯುತ್ತಿತ್ತು. ಅಕ್ಷರ ಬಾರದ ಅಜ್ಜ ಅಜ್ಜಿಯರು ಇಡೀ ಪರ್ವಗಳನ್ನು ಬಾಯಲ್ಲಿ ಇಟ್ಟುಕೊಂಡು, ಅರ್ಥದಲ್ಲಿ ತಪ್ಪಾದರೆ ತಿದ್ದುವಷ್ಟು ತಿಳಿದವರಾಗುತ್ತಿದ್ದರು. ಪರೀಕ್ಷೆಯಿಲ್ಲದ, ಪದವಿಯಿಲ್ಲದ ಈ ಓದು ಊರಿನ ಹಿರಿಯರನ್ನು ಊರಿನ ಗ್ರಂಥಾಲಯವಾಗಿಸಿತು.

ಮೈಸೂರು ಸಂಸ್ಥಾನದ ಪ್ರಯತ್ನಗಳು

ಇಪ್ಪತ್ತನೆಯ ಶತಮಾನದಲ್ಲಿ ವಯಸ್ಕರ ಕಲಿಕೆ ಸರ್ಕಾರದ ಹೊಣೆಯಾಯಿತು. ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ 1912ರಿಂದ 1918ರ ಅವಧಿಯಲ್ಲಿ ಮೈಸೂರು ಸಂಸ್ಥಾನದಲ್ಲಿ ವಯಸ್ಕರಿಗಾಗಿ ರಾತ್ರಿ ಶಾಲೆಗಳು, ಊರಿಂದೂರಿಗೆ ಸಾಗುವ ಸಂಚಾರಿ ಪುಸ್ತಕ ಭಂಡಾರಗಳು ಆರಂಭವಾದವು. 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತೂ 1916ರಲ್ಲಿ ಮೈಸೂರು ವಿಶ್ವವಿದ್ಯಾಲಯವೂ ಹುಟ್ಟಿದವು. ವಿಶ್ವವಿದ್ಯಾಲಯದ ಅಧ್ಯಾಪಕರು ಊರುಗಳಿಗೆ ಹೋಗಿ ಕನ್ನಡದಲ್ಲಿ ಉಪನ್ಯಾಸ ಕೊಡುವ ಪ್ರಚಾರೋಪನ್ಯಾಸದ ಯೋಜನೆ, ಆ ಉಪನ್ಯಾಸಗಳನ್ನು ಕಡಿಮೆ ಬೆಲೆಯ ಕಿರುಹೊತ್ತಗೆಗಳಾಗಿ ಹೊರತರುವ ಕೆಲಸ ನಡೆದವು. ವಿಶ್ವವಿದ್ಯಾಲಯ ತಾನಾಗಿ ಹಳ್ಳಿಗೆ ನಡೆದು ಬಂದ ಮೊದಲ ಸಂದರ್ಭ ಅದು. ಪರಿಷತ್ತು ನಡೆಸುವ ಪ್ರವೇಶ, ಕಾವ, ಜಾಣ, ರತ್ನ ಪರೀಕ್ಷೆಗಳು ಕಾಲೇಜಿನ ಮೆಟ್ಟಿಲು ಹತ್ತದವರಿಗೂ ಕನ್ನಡ ಸಾಹಿತ್ಯದ ಕ್ರಮಬದ್ಧ ಓದಿನ ದಾರಿ ತೋರಿದವು.

1940ರ ದಶಕದ ಆರಂಭದಲ್ಲಿ ಮೈಸೂರಿನಲ್ಲಿ ರೂಪುಗೊಂಡ ಸಾಕ್ಷರತಾ ಮಂಡಳಿ ಮುಂದೆ ಮೈಸೂರು ರಾಜ್ಯ ವಯಸ್ಕರ ಶಿಕ್ಷಣ ಸಮಿತಿಯಾಗಿ ಬೆಳೆಯಿತು. ಹೊಸದಾಗಿ ಅಕ್ಷರ ಕಲಿತವರಿಗಾಗಿ ಅದು ‘ಬೆಳಕು’ ವಾರಪತ್ರಿಕೆಯನ್ನೂ, ತಿಳಿದ ಓದುಗರಿಗಾಗಿ ‘ಪುಸ್ತಕ ಪ್ರಪಂಚ’ ಮಾಸಪತ್ರಿಕೆಯನ್ನೂ ಹೊರಡಿಸಿತು. ಡೆನ್ಮಾರ್ಕಿನ ಜನತಾ ಪ್ರೌಢಶಾಲೆಗಳ ಮಾದರಿಯಲ್ಲಿ 1947ರಲ್ಲಿ ನಂಜನಗೂಡಿನಲ್ಲಿ ವಿದ್ಯಾಪೀಠವನ್ನು ತೆರೆಯಿತು. ಬೇಸಾಯ, ಕೈಗಾರಿಕೆ, ಪೌರನೀತಿ, ಸಾಹಿತ್ಯಗಳನ್ನು ಹಳ್ಳಿಗರು ಅಲ್ಲೇ ಉಳಿದು ಕಲಿಯುವ ಏರ್ಪಾಟು ಅದು. ಊಟ, ವಸತಿ, ಪಾಠ ಒಟ್ಟಿಗಿದ್ದ ಕೋಡಿಯಮಠದ ಪದ್ಧತಿಗೆ ಆಧುನಿಕ ಕಾಲದಲ್ಲಿ ಹತ್ತಿರ ಬಂದ ಸಂಸ್ಥೆಯೆಂದರೆ ಈ ವಿದ್ಯಾಪೀಠ.

ಸ್ವಾತಂತ್ರ್ಯಾನಂತರದ ರಾಷ್ಟ್ರೀಯ ಯೋಜನೆಗಳು ಇನ್ನೊಂದು ದಾರಿ ಹಿಡಿದವು. 1978ರ ರಾಷ್ಟ್ರೀಯ ವಯಸ್ಕರ ಶಿಕ್ಷಣ ಕಾರ್ಯಕ್ರಮವಾಗಲಿ, 1988ರ ರಾಷ್ಟ್ರೀಯ ಸಾಕ್ಷರತಾ ಮಿಷನ್ ಆಗಲಿ, ಕಣ್ಣಿಟ್ಟಿದ್ದು 15ರಿಂದ 35 ವರ್ಷದವರ ಮೇಲೆ. ದುಡಿಯುವ ಕೈಗಳಿಗೆ ಅಕ್ಷರ ಕೊಟ್ಟರೆ ದೇಶದ ಉತ್ಪಾದನೆ ಹೆಚ್ಚುತ್ತದೆಂಬುದು ಅದರ ಹಿಂದಿನ ಲೆಕ್ಕ. ಆ ಲೆಕ್ಕದಲ್ಲಿ ಐವತ್ತು ದಾಟಿದವರು, ಅರವತ್ತು ದಾಟಿದವರು ಎಣಿಕೆಗೆ ಸಿಗಲಿಲ್ಲ. 2009ರ ಸಾಕ್ಷರ ಭಾರತ ಕಾರ್ಯಕ್ರಮವು 15 ದಾಟಿದ ಎಲ್ಲರನ್ನೂ ಒಳಗೊಂಡು ಈ ತಪ್ಪನ್ನು ತಿದ್ದಿತು; 2022ರಲ್ಲಿ ಆರಂಭವಾದ ನವ ಭಾರತ ಸಾಕ್ಷರತಾ ಕಾರ್ಯಕ್ರಮವೂ ಅದನ್ನೇ ಮುಂದುವರಿಸಿತು.

ಅಂಚೆಯಲ್ಲಿ ಬಂದ ವಿಶ್ವವಿದ್ಯಾಲಯ

ಪದವಿ ಓದನ್ನು ಮನೆಬಾಗಿಲಿಗೆ ತಂದದ್ದು ಅಂಚೆ ಮತ್ತು ತೆರಪಿನ ಶಿಕ್ಷಣ. ಮೈಸೂರು ವಿಶ್ವವಿದ್ಯಾಲಯ 1969ರಲ್ಲಿ ಅಂಚೆ ಶಿಕ್ಷಣ ಸಂಸ್ಥೆಯನ್ನು ತೆರೆಯಿತು. 1996ರ ಜೂನ್‌ನಲ್ಲಿ ಅದೇ ಸಂಸ್ಥೆ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವಾಯಿತು. ಅಷ್ಟರಲ್ಲಿ, 1985ರಲ್ಲಿ, ದೆಹಲಿಯಲ್ಲಿ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ ಸ್ಥಾಪನೆಯಾಗಿತ್ತು. ಶಾಲೆಯನ್ನು ನಡುವೆಯೇ ಬಿಟ್ಟವರೂ ಆರು ತಿಂಗಳ ಸಿದ್ಧತಾ ಪಾಠ ಮುಗಿಸಿ ಪದವಿಗೆ ಸೇರುವ ಅವಕಾಶವನ್ನು ಅದು ಕೊಟ್ಟಿತು. ಈ ಎರಡೂ ಮುಕ್ತ ವಿಶ್ವವಿದ್ಯಾಲಯಗಳಲ್ಲಿ ಪದವಿ ಓದಿಗೆ ಮೇಲಿನ ವಯೋಮಿತಿ ಇಲ್ಲ. ಎಪ್ಪತ್ತರ ಅಜ್ಜಿಯೂ ಬಿ.ಎ.ಗೆ ಅರ್ಜಿ ಹಾಕಬಹುದು.

1987ರಲ್ಲಿ ಶಂಕರಘಟ್ಟದಲ್ಲಿ ಕುವೆಂಪು ವಿಶ್ವವಿದ್ಯಾಲಯ ಹುಟ್ಟಿದ ಮೇಲೆ ಶಿವಮೊಗ್ಗ ಜಿಲ್ಲೆಗೆ ಸ್ವಂತ ವಿಶ್ವವಿದ್ಯಾಲಯ ಬಂತು. ಶಿಕಾರಿಪುರ, ಸೊರಬ ಎರಡೂ ಪಟ್ಟಣಗಳ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳು ಅದರ ವ್ಯಾಪ್ತಿಗೆ ಸೇರಿದವು. 1991ರಲ್ಲಿ ಹಂಪಿಯಲ್ಲಿ ಸ್ಥಾಪನೆಯಾದ ಕನ್ನಡ ವಿಶ್ವವಿದ್ಯಾಲಯವು ಸಂಶೋಧನೆಯನ್ನೇ ಮುಖ್ಯವಾಗಿಸಿಕೊಂಡಿತು. ತಮ್ಮ ಊರಿನ ಶಾಸನ, ದೇವಾಲಯ, ಜಾನಪದಗಳ ಮೇಲೆ ಆಳವಾಗಿ ಬರೆಯಬಯಸುವ ಹಿರಿಯರಿಗೆ ಇದು ಒಪ್ಪುವ ದಾರಿ. 2017ರಲ್ಲಿ ಕೇಂದ್ರ ಸರ್ಕಾರ ತೆರೆದ ‘ಸ್ವಯಂ’ ಜಾಲತಾಣದಲ್ಲಿ ವಿಶ್ವವಿದ್ಯಾಲಯ ಮಟ್ಟದ ಪಾಠಗಳನ್ನು ಶುಲ್ಕವಿಲ್ಲದೆ ಕೇಳಬಹುದು. ಪ್ರಮಾಣಪತ್ರ ಬೇಕಾದವರು ಮಾತ್ರ ಪರೀಕ್ಷೆಗೆ ಹಣ ಕಟ್ಟುತ್ತಾರೆ. ಆದರೆ ಅಲ್ಲಿನ ಬಹುಪಾಲು ಪಾಠಗಳು ಇಂಗ್ಲಿಷಿನಲ್ಲಿವೆ.

ವಿಶ್ವವಿದ್ಯಾಲಯದ ಹೊರಗೂ ಈ ಸೀಮೆಗೆ ಒಂದು ಒಳ್ಳೆಯ ಮಾದರಿ ಹತ್ತಿರದಲ್ಲೇ ಇದೆ. ಸೊರಬದ ಪಕ್ಕದ ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ 1949ರಲ್ಲಿ ಆರಂಭವಾದ ನೀನಾಸಮ್, ಕೆ.ವಿ. ಸುಬ್ಬಣ್ಣನವರ ನೇತೃತ್ವದಲ್ಲಿ ಸಂಸ್ಕೃತಿ ಶಿಬಿರಗಳನ್ನು ನಡೆಸಿಕೊಂಡು ಬಂತು. ಸಾಹಿತ್ಯ, ರಂಗಭೂಮಿ, ಸಿನಿಮಾ, ಸಮಾಜಚಿಂತನೆಗಳ ಬಗ್ಗೆ ನಾಡಿನ ದೊಡ್ಡ ವಿದ್ವಾಂಸರು ಮಾತನಾಡುವ ಈ ಶಿಬಿರಗಳಲ್ಲಿ ಎಳೆಯರೂ ಹಿರಿಯರೂ ಒಂದೇ ಚಾಪೆಯ ಮೇಲೆ ಕೂತು ಕೇಳುತ್ತಾರೆ. 1991ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದಾಗ ಜಗತ್ತು ಗುರುತಿಸಿದ್ದು ಹಳ್ಳಿಯಲ್ಲಿ ಉನ್ನತ ವಿದ್ಯೆ ನಡೆಯಬಲ್ಲದೆಂಬ ಸತ್ಯವನ್ನು.

ಹೊರನಾಡುಗಳ ಮೂರನೆಯ ಪ್ರಾಯ

ನಿವೃತ್ತರಿಗೆಂದೇ ವಿಶ್ವವಿದ್ಯಾಲಯದ ಕಲಿಕೆಯನ್ನು ಕಟ್ಟುವ ಯೋಚನೆ ಆಧುನಿಕ ಜಗತ್ತಿನಲ್ಲಿ ಬಲಗೊಂಡದ್ದು 1973ರಲ್ಲಿ. ಫ್ರಾನ್ಸಿನ ತುಲೂಸ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಪಿಯೆರ್ ವೆಲ್ಲಾಸ್ ‘ಮೂರನೆಯ ಪ್ರಾಯದ ವಿಶ್ವವಿದ್ಯಾಲಯ’ವನ್ನು ತೆರೆದರು. ಬಾಲ್ಯ, ದುಡಿಮೆಯ ಪ್ರಾಯ ಕಳೆದ ಮೇಲೆ ಆರೋಗ್ಯವಾಗಿರುವ ಬಿಡುವಿನ ವರ್ಷಗಳೇ ಮೂರನೆಯ ಪ್ರಾಯ. ವಿಶ್ವವಿದ್ಯಾಲಯದ ಅಧ್ಯಾಪಕರೇ ಹಿರಿಯರಿಗೆ ಪಾಠ ಹೇಳುವುದು ಫ್ರಾನ್ಸಿನ ಪದ್ಧತಿ. 1980ರ ದಶಕದ ಆರಂಭದಲ್ಲಿ ಪೀಟರ್ ಲ್ಯಾಸ್ಲೆಟ್ ಮೊದಲಾದವರು ಕೇಂಬ್ರಿಜ್‌ನಲ್ಲಿ ಬೇರೆ ಪದ್ಧತಿಯನ್ನು ಬೆಳೆಸಿದರು. ಅಲ್ಲಿ ಹಿರಿಯರೇ ಗುಂಪು ಕಟ್ಟಿಕೊಂಡು, ಒಬ್ಬರಿಗೆ ಗೊತ್ತಿದ್ದುದನ್ನು ಇನ್ನೊಬ್ಬರಿಗೆ ಕಲಿಸುತ್ತಾರೆ. ಪರೀಕ್ಷೆ, ಪದವಿಗಳ ಗೊಡವೆಯಿಲ್ಲ. ಚೀನಾದಲ್ಲಿ 1983ರಿಂದ ಹಿರಿಯರ ವಿಶ್ವವಿದ್ಯಾಲಯಗಳು ಸರ್ಕಾರದ ಬೆಂಬಲದಿಂದ ಬೆಳೆದವು. ಫ್ರಾನ್ಸಿನ ಪದ್ಧತಿ ತಾಳಗುಂದದ ಪಾಠಶಾಲೆಗೆ ಹತ್ತಿರವಾದದ್ದು; ಕೇಂಬ್ರಿಜ್ ಪದ್ಧತಿ ವಚನಕಾರರ ಗೋಷ್ಠಿಗೆ ಹತ್ತಿರವಾದದ್ದು. ಎರಡಕ್ಕೂ ಬೇಕಾದ ಮಣ್ಣು ಶಿಕಾರಿಪುರ, ಸೊರಬಗಳಲ್ಲಿದೆ.

ಇಂದಿನ ಸ್ಥಿತಿ, ಮುಂದಿನ ದಾರಿ

2011ರ ಜನಗಣತಿಯಂತೆ ಭಾರತದಲ್ಲಿ 60 ದಾಟಿದವರು ಸುಮಾರು 10.4 ಕೋಟಿ, ಜನಸಂಖ್ಯೆಯಲ್ಲಿ ನೂರಕ್ಕೆ 8.6. ಕರ್ನಾಟಕ ಸರ್ಕಾರಿ ನೌಕರರ ನಿವೃತ್ತಿ ವಯಸ್ಸು 2008ರಲ್ಲಿ 58ರಿಂದ 60ಕ್ಕೆ ಏರಿತು. ಶಿಕ್ಷಕರು, ಬ್ಯಾಂಕ್ ಮತ್ತು ಕಂದಾಯ ಇಲಾಖೆಯ ನೌಕರರು ನಿವೃತ್ತರಾದ ಮೇಲೂ ಓದಲು, ಬರೆಯಲು ಶಕ್ತರಾಗಿರುವ ವರ್ಷಗಳು ಬಹಳ. ಬೇಸಾಯಗಾರರಿಗೆ ನಿವೃತ್ತಿಯ ದಿನವೆಂಬುದಿಲ್ಲ. ಮಗನ ಕೈಗೆ ಗದ್ದೆ, ತೋಟದ ಯಜಮಾನಿಕೆ ಬಂದ ಮೇಲೆ ಹಿರಿಯರಿಗೆ ಬಿಡುವು ಸಿಗುತ್ತದೆ. ಆ ಬಿಡುವಿನಲ್ಲಿ ಹೋಗಿ ಕೂರುವ ಜಾಗ ಊರಿನಲ್ಲಿ ಕಡಿಮೆ.

ಇಂದು ನಿಯಮದಲ್ಲಿ ಬಾಗಿಲು ತೆರೆದಿದೆ. ದೂರ ಮಾತ್ರ ಹೆಚ್ಚಿದೆ. ಕೋಡಿಯಮಠಕ್ಕೆ ನಾನಾ ದೇಶದ ಜನ ನಡೆದು ಬರುತ್ತಿದ್ದ ಬಳ್ಳಿಗಾವಿಯ ಹಿರಿಯನೊಬ್ಬನಿಗೆ ಇಂದು ವಿಶ್ವವಿದ್ಯಾಲಯವೆಂದರೆ ಶಿವಮೊಗ್ಗವನ್ನೂ ದಾಟಿ ಶಂಕರಘಟ್ಟಕ್ಕೆ ಹೋಗಬೇಕಾದ ಬಸ್ಸಿನ ದಾರಿ, ಮುಕ್ತ ವಿಶ್ವವಿದ್ಯಾಲಯವೆಂದರೆ ಮೈಸೂರಿನಿಂದ ಬರುವ ಪುಸ್ತಕದ ಕಟ್ಟು. ಮಂಡಿನೋವು, ಮಬ್ಬುಗಣ್ಣು, ಕಿವಿಮಂದದವರಿಗೆ ಈ ದೂರ ಇನ್ನೂ ದೊಡ್ಡದು. ಮೊಬೈಲಿನ ಪಾಠ ದೂರವನ್ನು ತಗ್ಗಿಸಬಲ್ಲದು; ಜೊತೆಗೆ ಕೂತು ಕೇಳುವ, ವಾದಿಸುವ ಸಂಗವನ್ನು ಅದು ಕೊಡಲಾರದು. ಹಿರಿಯರಿಗೆ ಪದವಿಗಿಂತ ಆ ಸಂಗ ಮುಖ್ಯ.

ಇದಕ್ಕೆ ಬೇಕಾದ ಕಟ್ಟಡಗಳನ್ನು ಹೊಸದಾಗಿ ಕಟ್ಟಬೇಕಿಲ್ಲ. ಎರಡೂ ತಾಲ್ಲೂಕುಗಳ ಪ್ರಥಮ ದರ್ಜೆ ಕಾಲೇಜುಗಳ ಕೊಠಡಿಗಳು ಭಾನುವಾರ ಖಾಲಿ ಇರುತ್ತವೆ. ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳು ಅರಿವು ಕೇಂದ್ರಗಳಾಗಿವೆ. ನಿವೃತ್ತ ಉಪನ್ಯಾಸಕರು, ಶಿಕ್ಷಕರು, ವೈದ್ಯರು, ಕೃಷಿ ಅಧಿಕಾರಿಗಳು ಊರಿನಲ್ಲೇ ಇದ್ದಾರೆ; ಕಲಿಯುವವರೂ ಅವರೇ, ಕಲಿಸುವವರೂ ಅವರೇ ಆಗಬಲ್ಲರು. ವೇಳಾಪಟ್ಟಿ ಮಾತ್ರ ನಗರದ್ದಾಗಬಾರದು. ನಾಟಿಯ ಆಷಾಢದಲ್ಲಿ, ಅಡಿಕೆ ಕೊಯ್ಲಿನ ಚಳಿಗಾಲದಲ್ಲಿ ತರಗತಿ ಇಟ್ಟರೆ ರೈತರು ಬರಲಾರರು. ಸುಗ್ಗಿ ಕಳೆದ ಮಾಘದಿಂದ ಮುಂಗಾರಿನವರೆಗಿನ ತಿಂಗಳುಗಳೇ ಈ ಸೀಮೆಯ ಹಿರಿಯರಿಗೆ ಒಪ್ಪುವ ಶೈಕ್ಷಣಿಕ ವರ್ಷ.

ಮೊದಲ ಪಾಠಕ್ಕೆ ವಿಷಯವನ್ನು ಹುಡುಕಿಕೊಂಡು ಹೋಗಬೇಕಾಗಿಯೂ ಇಲ್ಲ. ಪ್ರಣವೇಶ್ವರ ದೇಗುಲದ ಆವರಣದ ಉತ್ಖನನದಲ್ಲಿ ಸಿಕ್ಕ ಸಿಂಹಕಟಾಂಜನದ, ಅಂದರೆ ಸಿಂಹದ ಕೆತ್ತನೆಯುಳ್ಳ ಕಲ್ಲುಕಟಾಂಜನದ, ಕನ್ನಡ ಶಾಸನವು ಹಲ್ಮಿಡಿ ಶಾಸನಕ್ಕಿಂತ ಹಳೆಯದೆಂಬ ಅಭಿಪ್ರಾಯ ಬಂದ ಮೇಲೆ ತಾಳಗುಂದ ಮತ್ತೆ ವಿದ್ವಾಂಸರ ಚರ್ಚೆಯ ನಡುವೆ ಬಂದಿದೆ. ವೀರಗಲ್ಲು, ಮಾಸ್ತಿಕಲ್ಲು, ನಿಸಿಧಿಕಲ್ಲುಗಳು ಊರೂರಿನ ಕೆರೆಯೇರಿ, ಹಿತ್ತಿಲುಗಳಲ್ಲಿ ಇವೆ. ಹಳಗನ್ನಡ ಲಿಪಿಯನ್ನು ಒಂದು ಬೇಸಿಗೆಯ ಪಾಠದಲ್ಲಿ ಓದಲು ಆರಂಭಿಸಬಹುದು. ಕಲ್ಲು ಎಲ್ಲಿದೆ, ಯಾವ ಗದ್ದೆಗೆ ಯಾವ ಹೆಸರಿತ್ತು, ಯಾವ ಕೆರೆಯ ತೂಬು ಯಾವ ಬಯಲಿಗೆ ನೀರು ಬಿಡುತ್ತಿತ್ತು ಎಂಬುದು ಊರಿನ ಹಿರಿಯರಿಗೆ ಗೊತ್ತು. ಬರಹವನ್ನು ಓದುವುದು ವಿಶ್ವವಿದ್ಯಾಲಯಕ್ಕೆ ಗೊತ್ತು. ಎರಡೂ ಕೂಡಿದರೆ ಈ ಸೀಮೆಯ ಇತಿಹಾಸ ಇನ್ನಷ್ಟು ತುಂಬಿಕೊಳ್ಳುತ್ತದೆ.

ವಿದ್ಯಾದಾನವನ್ನು ಅನ್ನದಾನದ ಜೊತೆಗೆ ಇಟ್ಟು, ಅದಕ್ಕಾಗಿ ಗದ್ದೆ ಬಿಟ್ಟ ನಾಡು ಇದು. ಇಂದು ಗದ್ದೆ ಬಿಡಬೇಕಾಗಿಲ್ಲ. ಕುವೆಂಪು ವಿಶ್ವವಿದ್ಯಾಲಯ, ಮುಕ್ತ ವಿಶ್ವವಿದ್ಯಾಲಯ, ತಾಲ್ಲೂಕು ಕಾಲೇಜುಗಳು ಮತ್ತು ಪಂಚಾಯಿತಿಗಳು ಕೂಡಿ ವಾರಕ್ಕೊಂದು ದಿನ, ಒಂದು ಕೊಠಡಿ, ಒಬ್ಬ ಅಧ್ಯಾಪಕ, ಮಧ್ಯಾಹ್ನದ ಒಂದು ಊಟ ಇಷ್ಟನ್ನು ಅರವತ್ತು ದಾಟಿದವರಿಗೆ ಮೀಸಲಿಟ್ಟರೆ ಸಾಕು. ಶಿಕಾರಿಪುರ, ಸೊರಬಗಳ ಜನಪ್ರತಿನಿಧಿಗಳೂ ಅಧ್ಯಾಪಕರೂ ಹಿರಿಯ ನಾಗರಿಕರ ಸಂಘಗಳೂ ಈ ಕೆಲಸವನ್ನು ಕೈಗೆತ್ತಿಕೊಳ್ಳಬೇಕು.